ಬೋರ್ಡು ಬರುವ ಮೊದಲೇ

ಮೊದಲ ಸಲ ನಾನು ಫೇಲಾದೆ. ಐವತ್ತಮೂರನೇ ವಯಸ್ಸಿನಲ್ಲಿ, ಚಿಕ್ಕಮಗಳೂರಿನ ಆರ್‌ಟಿಓ ಆಫೀಸಿನ ಕಂಪ್ಯೂಟರಿನ ಮುಂದೆ, ಕಾಲೇಜು ಹುಡುಗಿಯರ ಮಧ್ಯೆ ಕೂತು ಫೇಲಾದೆ. ಮನೆಯಲ್ಲೇ ಕೂತು ಮೊಬೈಲಿನಲ್ಲೂ ಈ ಎಲ್ಎಲ್, ಅಂದರೆ ಕಲಿಯುವವರ ಲೈಸೆನ್ಸಿನ, ಪರೀಕ್ಷೆ ಬರೆಯಬಹುದಂತೆ. ಆದರೆ ಗುಡ್ಡದ ಮೇಲೆ, ಅತ್ತಿಗುಂಡಿಗೆ ಎರಡು ತಿರುವು ಈಚೆ ಇರುವ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ.

ಓದದೇ ಫೇಲಾಗಿದ್ದಲ್ಲ. ಹಾರ್ನಿನ ಚಿತ್ರದ ಮೇಲೆ ಕೆಂಪು ಗೀಟು ಎಳೆದು ತೋರಿಸಿದರು. ನಾನು ‘ಕಡ್ಡಾಯವಾಗಿ ಹಾರ್ನ್ ಮಾಡಿ’ ಎಂದು ಒತ್ತಿದೆ. ನಮ್ಮ ಗುಡ್ಡದಲ್ಲಿ ತಿರುವಿಗೊಂದು ಹಾರ್ನ್ ಹೊಡೆಯದವನನ್ನು ಮನುಷ್ಯ ಎಂದೇ ಲೆಕ್ಕ ಹಿಡಿಯುವುದಿಲ್ಲ, ಹಾರ್ನ್ ಹೊಡೆಯಬೇಡ ಎಂದು ಬೋರ್ಡು ಹಾಕುತ್ತಾರೆಂದು ನನಗೇನು ಗೊತ್ತು! ಎಡಕ್ಕೆ ಹೇರ್‌ಪಿನ್ ತಿರುವಿನ ಚಿತ್ರ ಬಂದಾಗ ಚೆಕ್‌ಪೋಸ್ಟ್ ದಾಟಿದ ಮೇಲಿನ ತಿರುವು ನೆನಪಾಯಿತು. ಹತ್ತುವಾಗ ಅದು ಬಲಕ್ಕೆ. ನನ್ನ ಯಜಮಾನರು ನನಗೆ ಕಲಿಸಿದ್ದೆಲ್ಲ ಪೇಟೆಯಿಂದ ವಾಪಸ್ಸು ಹತ್ತುವಾಗಲೇ, ಹಾಗಾಗಿ ಬಲಕ್ಕೆ ಎಂದು ಒತ್ತಿದೆ. ಕಂಪ್ಯೂಟರಿಗೆ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ.

ನಿಜ ಹೇಳಬೇಕೆಂದರೆ ನನಗೆ ಲೈಸೆನ್ಸಿನ ಹುಚ್ಚೇನೂ ಇರಲಿಲ್ಲ. ಗೊಬ್ಬರ, ಗಿಡ ಸಾಗಿಸಲು ತೋಟದ ಒಳಗೆ ಜೀಪು ಓಡಿಸುತ್ತಿದ್ದೆ, ನನಗೆ ಅಷ್ಟು ಸಾಕಿತ್ತು. ನನ್ನ ಚಿಂತೆ ಯಜಮಾನರದ್ದು. ಒಂದೇ ತಿಂಗಳಲ್ಲಿ ಎರಡು ಸಲ ಗೇಟಿನ ಕಲ್ಲುಕಂಬಕ್ಕೆ ಜೀಪು ತಾಗಿಸಿದ್ದರು. ಕೇಳಿದರೆ, “ಕಂಬ ಮಳೆಗೆ ವಾಲಿದೆ ಕಣೆ” ಎಂದರು. ನಾನು ಹೋಗಿ ನೋಡಿದೆ. ಕಂಬ ನೆಟ್ಟಗಿತ್ತು. “ಕಣ್ಣು ತೋರಿಸ್ಕೊಂಡು ಬನ್ನಿ” ಎಂದದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತಿಲ್ಲ.

ಅವರಿಗೆ ಜೀಪು ಬರೀ ಗಾಡಿಯಲ್ಲ. ಮದುವೆಯಾಗಿ ನನ್ನನ್ನು ಕರೆತಂದಿದ್ದು ಅದರ ಹಿಂದಿನ ಜೀಪಿನಲ್ಲಿ. ಸುತ್ತಲಿನ ನಾಲ್ಕು ತೋಟದವರಿಗೆ ಹೆರಿಗೆ ನೋವು ಬಂದರೂ, ಹಾವು ಕಚ್ಚಿದರೂ ಮೊದಲು ಫೋನ್ ಬರುವುದು ಇವರಿಗೆ. ಅಂಥವರ ಕೈಯಿಂದ ಸ್ಟೇರಿಂಗ್ ಬಿಡಿಸುವುದೆಂದರೆ ಊರಿನಲ್ಲಿ ಅವರಿಗಿರುವ ಜಾಗವನ್ನೇ ಬಿಡಿಸಿದ ಹಾಗೆ. ಕಣ್ಣು ಸರಿಯಿದ್ದೂ ಬಿಡಿಸಿದರೆ ಪಾಪ ನನ್ನದು. ಸರಿಯಿಲ್ಲದೆ ಬಿಟ್ಟರೆ ಒಂದು ದಿನ ಇಬ್ಬರೂ ಕಣಿವೆಯಲ್ಲಿ.

ಅದಕ್ಕೇ ಒಂದು ಉಪಾಯ ಮಾಡಿದೆ. ಅವರೇ ಬಹಳ ದಿನದಿಂದ “ಒಂದು ಲೈಸೆನ್ಸ್ ಮಾಡಿಸ್ಕೊ ಮಾರಾಯ್ತಿ” ಎಂದು ಬೆನ್ನು ಹತ್ತಿದ್ದರು. ಸರಿ ಎಂದು ಒಪ್ಪಿಕೊಂಡೆ. ಕಲಿಯುವ ನೆಪದಲ್ಲಿ ದಾರಿಯುದ್ದಕ್ಕೂ ಬೋರ್ಡು ಕೇಳುತ್ತಾ ಹೋದರೆ ಅವರಿಗೆ ಎಷ್ಟು ಕಾಣುತ್ತದೆ ಎಂದು ತಿಳಿದೇ ತಿಳಿಯುತ್ತದಲ್ಲ! ಗಂಡನಿಗೆ ಗೊತ್ತಾಗದಂತೆ ಗಂಡನನ್ನೇ ಪರೀಕ್ಷೆಗೆ ಕೂರಿಸಿದ ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆದರೆ ನಾನು ಕೇಳುವುದಕ್ಕೆ ಅವರು ಬಿಟ್ಟರೆ ತಾನೆ? ಮೇಷ್ಟ್ರು ಅವರೇ ಆಗಿಬಿಟ್ಟರು. ಬೋರ್ಡು ನನ್ನ ಕಣ್ಣಿಗೆ ಬೀಳುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು.

“ಈಗ ಬರೋದು ಯಾವುದು, ಹೇಳು ನೋಡೋಣ?”

“ಕಡಿದಾದ ಏರು.”

“ಅದಾದ ಮೇಲೆ?”

“ಗೊತ್ತಿಲ್ಲ ಹೋಗ್ರಿ.”

“ಕಲ್ಲು ಬೀಳೋ ಜಾಗ. ಕತ್ತೆ ಕಾಯೋಕೆ ಹೋಗಿದ್ಯಾ ಶಾಲೆಗೆ?”

ನಿಜವಾಗಿಯೂ ಆ ತಿರುವು ದಾಟಿದರೆ ಕಲ್ಲು ಬೀಳುವ ಬೋರ್ಡು ಇರುತ್ತಿತ್ತು. ಶಾಲೆ, ಕಿರಿದಾದ ಸೇತುವೆ, ಬಲಕ್ಕೆ ಹೇರ್‌ಪಿನ್, ಎಡಕ್ಕೆ ಹೇರ್‌ಪಿನ್, ಒಂದೂ ತಪ್ಪುತ್ತಿರಲಿಲ್ಲ. ಮಂಜು ಕವಿದ ದಿನವೂ ತಪ್ಪಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇಂಥವರನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯಾಗಿ ಆ ವಾರ ಎರಡು ಸಲ ಅಕ್ಕಿ ಕಡುಬು ಮಾಡಿ ಹಾಕಿದೆ.

ಫೇಲಾಗಿ ಬಂದ ದಿನ ಅವರು ನಗಲಿಲ್ಲ. ನಾನು ನಗುತ್ತಾರೆಂದು ಜಗಳಕ್ಕೆ ತಯಾರಾಗಿಯೇ ಬಂದಿದ್ದೆ. “ಮತ್ತೆ ಯಾವಾಗ ಬರೀಬಹುದಂತೆ?” ಎಂದಷ್ಟೇ ಕೇಳಿದರು. ಕೇಳಿದ ರೀತಿಯಲ್ಲಿ ಏನೋ ಅವಸರವಿತ್ತು. ಮಾರನೇ ದಿನದಿಂದ ಪಾಠದ ದಾರಿ ಬದಲಾಯಿತು. ರಸ್ತೆ ಬಿಟ್ಟು, ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ನನ್ನಿಂದಲೇ ಬೋರ್ಡುಗಳನ್ನೆಲ್ಲ ಬರೆಸಿ, ಅಡುಗೆಮನೆಯ ಬಾಗಿಲಿಗೆ ಅಂಟಿಸಿ, ಒಗ್ಗರಣೆ ಹಾಕುವಾಗಲೂ ಕೇಳುತ್ತಿದ್ದರು. ಸಾಸಿವೆ ಸೀದದ್ದು ಎಷ್ಟು ಸಲವೋ!

ಎರಡನೇ ಸಲ ಪಾಸಾದೆ. ಒಂದು ತಪ್ಪು, ಉಳಿದದ್ದೆಲ್ಲ ಸರಿ. ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನನ್ನ ಹೆಜ್ಜೆ ಸದ್ದಿಗೇ ಎದ್ದು ನಿಂತರು. “ಪಾಸು ಕಣ್ರೀ” ಎಂದೆ. ಆಫೀಸಿನ ಜನರೆಲ್ಲ ನೋಡುತ್ತಿದ್ದರೂ ನನ್ನ ಕೈ ಹಿಡಿದುಕೊಂಡರು. ಪೇಟೆಯಲ್ಲಿ ಮೈಸೂರ್ ಪಾಕ್ ಕಟ್ಟಿಸಿಕೊಂಡು, ಮಳೆ ನಿಂತ ಮೇಲೆ ಗುಡ್ಡ ಹತ್ತಿದೆವು.

ಶಾಲೆ ದಾಟಿತು, ಸೇತುವೆ ದಾಟಿತು, ಚೆಕ್‌ಪೋಸ್ಟೂ ದಾಟಿತು. ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಒಂದು ನೆಟ್ಟನೆಯ ದಾರಿಯಲ್ಲಿ, ಮುಂದೆ ಎಡಕ್ಕೆ, ಹೊಸ ಬೋರ್ಡೊಂದು ನಿಂತಿತ್ತು: ರಸ್ತೆ ಮುಂದೆ ಕಿರಿದಾಗಿದೆ. ಬೆಳಿಗ್ಗೆ ಇಳಿಯುವಾಗ ಅದಿರಲಿಲ್ಲ. ಮಧ್ಯಾಹ್ನದ ಮಳೆಗೆ ಎಡಗಡೆಯ ಅಂಚು ಜಾರಿ, ರಸ್ತೆ ಕೆಲಸದವರು ಆಗಷ್ಟೇ ತಂದು ನಿಲ್ಲಿಸಿದ್ದರು. ಅದರಾಚೆ ಅಂಚಿನುದ್ದಕ್ಕೂ ನಾಲ್ಕು ಡ್ರಮ್ಮು. ಈಗ ಕೇಳುತ್ತಾರೆ ಎಂದು ಉತ್ತರ ಬಾಯಲ್ಲಿಟ್ಟುಕೊಂಡು ಕಾದೆ. ಕೇಳಲಿಲ್ಲ. ಜೀಪು ನಿಧಾನವೂ ಆಗಲಿಲ್ಲ, ಬಲಕ್ಕೂ ಸರಿಯಲಿಲ್ಲ.

“ಅಯ್ಯೋ, ರೀ! ನಿಲ್ಲಿಸಿ!”

ಬ್ರೇಕ್ ಒತ್ತಿದರು. ನನ್ನ ಕಡೆಯ ಬಂಪರು ಮೊದಲ ಡ್ರಮ್ಮಿಗೆ ತಾಗಿ ನಿಂತಿತು. ಕೆಳಗೆ ಸಿಲ್ವರ್ ಓಕ್ ಮರಗಳ ತುದಿ ಕಾಣುತ್ತಿತ್ತು.

“ಏನಾಯ್ತೇ?” ಎಂದರು.

ಏನಾಯಿತೆಂದು ಅವರು ನನ್ನನ್ನು ಕೇಳಿದಾಗಲೇ ನನಗೆ ಎಲ್ಲ ತಿಳಿಯಿತು. ಸಿಟ್ಟು ನೆತ್ತಿಗೇರಿತ್ತು. “ಏನಾಯ್ತಾ? ಬೋರ್ಡು ಕಾಣ್ಲಿಲ್ವಾ ನಿಮ್ಗೆ? ಡ್ರಮ್ಮು ಕಾಣ್ಲಿಲ್ವಾ? ಇಬ್ರೂ ಈಗ ಹೆಣ ಆಗ್ತಿದ್ವಿ!” ಎಂದು ಕೂಗಾಡಿದೆ.

ಅವರು ಎಂಜಿನ್ ಆಫ್ ಮಾಡಿದರು. “ಎದುರಿಗಿರೋದು ಕಾಣ್ತದೆ. ಬದಿಯದ್ದು ಹೋಗಿದೆ. ಡಾಕ್ಟ್ರಿಗೆ ತೋರಿಸ್ದೆ. ಹೋಗಿದ್ದು ವಾಪಸ್ ಬರಲ್ವಂತೆ.”

“ಮತ್ತೆ ದಿನಾ ನನ್ನ ಕೇಳ್ತಿದ್ರಲ್ಲ, ಅದು ಬಂತು, ಇದು ಬಂತು ಅಂತ?”

“ಬಾಯಿಪಾಠ ಕಣೆ. ಇಷ್ಟು ವರ್ಷದ ರಸ್ತೆ.”

ಬೋರ್ಡುಗಳೆಲ್ಲ ಇರುವುದು ಬದಿಯಲ್ಲೇ. ಅವನ್ನು ನೋಡದೆಯೇ ಅಷ್ಟು ದಿನ ನನ್ನನ್ನು ಕೂರಿಸಿಕೊಂಡು ಹತ್ತಿಸಿ ಇಳಿಸಿದ್ದರು. “ನಂಗೆ ಯಾಕೆ ಹೇಳ್ಲಿಲ್ಲ?” ಎಂದೆ.

“ಹೇಳಿದ್ರೆ ಅವತ್ತೇ ಕೀ ಕಿತ್ಕೊಳ್ತಿದ್ದೆ. ಆಮೇಲೆ ಈ ಗುಡ್ಡದ ಮೇಲೆ ನಾವಿಬ್ರೂ ಯಾರ ಗಾಡಿಗೆ ಕಾಯೋದು? ನೀನು ಪಾಸಾಗೋವರೆಗೆ ಹೇಗಾದ್ರೂ ತಳ್ಳೋಣ ಅಂತಿದ್ದೆ. ಇವತ್ತು ಮನೆ ಮುಟ್ಟಿಸಿ ಕೀ ನಿನ್ನ ಕೈಗೆ ಕೊಡೋದು ಅಂತ ಬೆಳಿಗ್ಗೇನೇ ನಿರ್ಧಾರ ಮಾಡಿದ್ದೆ.” ಕೀ ತೆಗೆದು ನನ್ನ ಕೈಗಿಟ್ಟು, “ಮೂರು ತಿರುವು ಬಾಕಿ ಇತ್ತು,” ಎಂದರು.

ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸಿಕೊಂಡು, ರಸ್ತೆಯ ಕಡೆಯಿಂದ ಹಿಂದಕ್ಕೆ ಸುತ್ತಿ ಬಂದರು. ನಾನು ಒಳಗಿನಿಂದಲೇ ಅವರ ಸೀಟಿಗೆ ಸರಿದುಕೊಂಡೆ. ಅದಿನ್ನೂ ಬೆಚ್ಚಗಿತ್ತು. ರಿವರ್ಸ್ ತೆಗೆದು, ಡ್ರಮ್ಮುಗಳನ್ನು ಬಲಕ್ಕೆ ಬಳಸಿ, ಎರಡನೇ ಗೇರಿನಲ್ಲಿ ಹತ್ತಿಸತೊಡಗಿದೆ. ಅವರು ಪಕ್ಕದಲ್ಲಿ ಮೈಸೂರ್ ಪಾಕಿನ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೀಗೆ ತಿರುಗಿಸು, ಹಾಗೆ ತಿರುಗಿಸು ಎನ್ನಲಿಲ್ಲ. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಮಾತ್ರ ಬ್ರೇಕಿಲ್ಲದ ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು.