ಆಪಾನ ಮೂರು ಸೀಟಿ

ಹೋದ ವಾರ ಸೇಡಂನ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಅಂಗಳಕ್ಕೆ ಫರ್ಸಿ ಕಲ್ಲು ಹಾಸಿಸುತ್ತಿದ್ದರು. ಮಷೀನಿನಿಂದ ಕಲ್ಲು ಕೊಯ್ಯುವಾಗ ಧೂಳು ಏಳಬಾರದೆಂದು ಕೆಲಸದವರು ಮೇಲಿನಿಂದ ನೀರು ಬಿಡುತ್ತಿದ್ದರು. ಹಸಿ ಕಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರಲ್ಲಿ ಸ್ವಲ್ಪ ಸುಣ್ಣ, ಸ್ವಲ್ಪ ಕಾದ ಕಬ್ಬಿಣ. ನಾನು ಊಟಕ್ಕೆ ಕುಳಿತಿದ್ದೆ. ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. ಐದು ವರ್ಷಗಳ ಹಿಂದೆ ವಾಡಿಯ ಹತ್ತಿರದ ಒಂದು ಕಲ್ಲಿನ ಯಾರ್ಡಿನಲ್ಲಿ, ಲಾರಿ ತೂಗುವ ಕಾಟಾದ ಸುತ್ತ ಇದೇ ವಾಸನೆ ಇರುತ್ತಿತ್ತು. ಆ ವಾಸನೆಯೊಂದಿಗೆ ಆಪಾ ನೆನಪಾಗುತ್ತಾರೆ.

ಆಪಾ ಎಂದರೆ ಅಕ್ಕ. ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ಚಿಕ್ಕವರು. ಆದರೂ ಆಫೀಸಿನಲ್ಲಿ ಎಲ್ಲರೂ ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಶಹಾಬಾದಿನಿಂದ ಬೆಳಗಿನ ರೈಲಿಗೆ ಹೊರಟು, ವಾಡಿಯಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ಸೇಡಂಗೆ ಬರುತ್ತಿದ್ದರು. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಮಾಲೀಕರು, ನಾನು, ಆಪಾ, ಇಷ್ಟೇ ಜನ. ಕಲ್ಲಿನ ಯಾರ್ಡುಗಳ ಕಾಟಾಗಳಿಗೆ ಸರ್ವರ್ ಪ್ರೋಗ್ರಾಂ ಬರೆದುಕೊಡುವುದು ನಮ್ಮ ಕೆಲಸ. ನಾನು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿದವನು. ಆಪಾ ಓದಿದ್ದು ಬಿಕಾಂ, ಜೊತೆಗೆ ಒಂದು ಕಂಪ್ಯೂಟರ್ ಕೋರ್ಸು. ಈ ವ್ಯತ್ಯಾಸವನ್ನು ಅವರು ಎಂದೂ ಎತ್ತಲಿಲ್ಲ. ನಾನು ದಿನಾ ಲೆಕ್ಕ ಹಾಕುತ್ತಿದ್ದೆ.

ವಾಡಿಯ ಕಾಟಾದಲ್ಲಿ ಕೆಲಸ ಸರಳವಾಗಿತ್ತು. ಹಸಿರು ದೀಪ ಇದ್ದರೆ ಲಾರಿ ಕಾಟಾದ ತಟ್ಟೆಯ ಮೇಲೆ ಏರಬೇಕು, ಕೆಂಪು ಇದ್ದರೆ ನಿಲ್ಲಬೇಕು. ದೀಪ ಬದಲಿಸುವುದು, ತೂಕ ಓದುವುದು, ಚೀಟಿ ಮುದ್ರಿಸುವುದು ಎಲ್ಲವೂ ನಮ್ಮ ಸರ್ವರಿನ ಹೊಣೆ. ಪ್ರೋಗ್ರಾಂ ಓಡಿಸುವ ನೋಡ್ ಎಂಬ ರನ್‌ಟೈಮಿನಲ್ಲಿ ಅದನ್ನು ಬರೆದಿದ್ದೆವು. ತೊಂದರೆ ಒಂದೇ. ಸರ್ವರನ್ನು ಬಂದ್ ಮಾಡಿ ಚಾಲೂ ಮಾಡಿದಾಗಲೆಲ್ಲ ಅರ್ಧ ತೂಗಿದ ಲಾರಿಯ ಚೀಟಿ ಕಳೆದುಹೋಗುತ್ತಿತ್ತು.

ಯಾಕೆ ಹೀಗೆ ಎಂದು ಮಾಲೀಕರು ಕೇಳಿದರು. ನಾನು ಬೋರ್ಡಿನ ಮೇಲೆ ಸಿಗ್ನಲ್‌ಗಳ ಹೆಸರು ಬರೆದು ವಿವರಿಸಿದೆ. ಚಾಲ್ತಿಯಲ್ಲಿರುವ ಪ್ರೋಗ್ರಾಮಿಗೆ ಹೊರಗಿನಿಂದ ಬರುವ ಸಂದೇಶವೇ ಸಿಗ್ನಲ್. ಸಿಗ್‌ಟರ್ಮ್ ಎಂದರೆ ನಿಲ್ಲು ಎಂಬ ಸೂಚನೆ, ಅದನ್ನು ಪ್ರೋಗ್ರಾಂ ಕೇಳಿಸಿಕೊಳ್ಳಬಹುದು, ನಮ್ಮದು ಇನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಸಿಗ್‌ಕಿಲ್ ಎಂದರೆ ಕೇಳದೆ ಮುಗಿಸಿಬಿಡುವುದು. ನಾನು ಮುಗಿಸಿದ ಮೇಲೆ ಆಪಾ ಕೇಳಿದರು:

"ನಿಲ್ಲು ಅಂದಿದ್ಮ್ಯಾಗ ಎಷ್ಟು ಟೈಮ್ ಕೊಡ್ತದ ಸರ್?"

"ಹತ್ತು ಸೆಕೆಂಡ್. ಆಮ್ಯಾಲೆ ಕಿಲ್."

"ಹತ್ತು ಸೆಕೆಂಡ್ ಅಂದ್ರ ಭಾಳ ಆಯ್ತು. ನಮ್ಮ ಅಬ್ಬಾನ ಖಣಿ ಇದ್ದಂಗೇ ಅದ ಇದು."

ಅವರ ತಂದೆ ಸುಣ್ಣಕಲ್ಲಿನ ಖಣಿಯಲ್ಲಿ ದುಡಿದವರು. ಮದ್ದು ಹಾರಿಸುವ ಮೊದಲು ಅಲ್ಲಿ ಮೂರು ಸೀಟಿ ಹೊಡೆಯುತ್ತಿದ್ದರಂತೆ. ಮೊದಲ ಸೀಟಿಗೆ ಯಾರೂ ಹೊಸ ಕೆಲಸ ಹಿಡಿಯಬಾರದು. ಎರಡನೆಯದಕ್ಕೆ ಕೈಯಲ್ಲಿದ್ದುದನ್ನು ಮುಗಿಸಿ, ಹಾರೆ ಸುತ್ತಿಗೆ ಎತ್ತಿಕೊಂಡು, ದಾರಿಗೆ ಕೆಂಪು ಬಾವುಟ ನೆಟ್ಟು ಹೊರಡಬೇಕು. ಮೂರನೆಯದಾದ ಮೇಲೆ ಯಾರನ್ನೂ ಕೇಳುವುದಿಲ್ಲ. ಆಪಾ ಮಧ್ಯಾಹ್ನದೊಳಗೆ ಅದನ್ನೇ ಬರೆದರು. ನಿಲ್ಲು ಎಂಬ ಸಿಗ್ನಲ್ ಬಂದ ಕೂಡಲೆ ಹೊಸ ಲಾರಿ ತೆಗೆದುಕೊಳ್ಳಬಾರದು. ತಟ್ಟೆಯ ಮೇಲಿನ ಲಾರಿಯ ಚೀಟಿ ಮುಗಿಸಬೇಕು. ದೀಪ ಕೆಂಪು ಮಾಡಿ, ಕೆಂಪಾಯಿತೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊರಡಬೇಕು. ಕೆಂಪಾಗದೆ ಸರ್ವರ್ ನಿಂತಿದ್ದರೆ ಮುಂದಿನ ಸಲ ಚಾಲೂ ಆದಾಗ ಪರದೆಯ ಮೇಲೆ ಒಂದು ವಾರ್ನಿಂಗ್ ಬರುವಂತೆಯೂ ಮಾಡಿದರು. ಅಂದಿನಿಂದ ಒಂದು ಚೀಟಿಯೂ ಕಳೆಯಲಿಲ್ಲ.

ಸಿಗ್ನಲ್‌ಗಳ ಹೆಸರುಗಳೆಲ್ಲ ನನಗೆ ಬಾಯಿಪಾಠವಿದ್ದವು. ಮೂರು ಸೀಟಿ ನನಗೆ ಹೊಳೆದಿರಲಿಲ್ಲ.

ಹೊಟ್ಟೆಕಿಚ್ಚು ಒಂದೇ ದಿನ ಹುಟ್ಟಿತೆಂದು ಹೇಳಲಾರೆ. ಒಮ್ಮೆ ನನ್ನದೇ ಭಾಗದಿಂದ ಒಂದು ವಾರ್ನಿಂಗ್ ಬಂತು. ಲಾರಿ ಬಂದಾಗಲೆಲ್ಲ ನನ್ನ ಪ್ರೋಗ್ರಾಂ ಸುದ್ದಿ ಕೇಳಲು ಹೊಸದೊಂದು ತುಣುಕನ್ನು ಜೋಡಿಸುತ್ತಿತ್ತು, ಲಾರಿ ಹೋದ ಮೇಲೆ ಅದನ್ನು ತೆಗೆಯುತ್ತಿರಲಿಲ್ಲ. ಅಂಥ ತುಣುಕುಗಳು ಹತ್ತು ಮೀರಿದರೆ ರನ್‌ಟೈಮ್ ತಾನಾಗಿ ಎಚ್ಚರಿಸುತ್ತದೆ. ಆಪಾ ನೋಡಿ ನಕ್ಕರು. "ಒಂದೊಂದು ಲಾರಿಗೆ ಒಂದೊಂದು ಕಿವಿ ಹಚ್ಚಾಕತ್ತೀರಿ ಸರ್. ರಾವಣಗೇ ಇಪ್ಪತ್ತು ಕಿವಿ. ನಿಮ್ಮ ಸರ್ವರಿಗಿ ಮುನ್ನೂರಾದ್ವು." ಮಾಲೀಕರು ಚಹಾ ಕೆಳಗಿಟ್ಟು ನಕ್ಕರು. ನಾನೂ ನಕ್ಕೆ. ಮಾಲೀಕರ ಆ ನಗು ಎಷ್ಟು ಹೊತ್ತು ಇತ್ತು ಎಂಬುದು ಇಂದಿಗೂ ನೆನಪಿದೆ...

ಕಾಟಾ ನೋಡಿಕೊಳ್ಳುತ್ತಿದ್ದವರನ್ನು ನಾವು ಕಾಟಾದ ಕಾಕಾ ಎನ್ನುತ್ತಿದ್ದೆವು. ವಾರ್ನಿಂಗ್ ಪರದೆಯ ಮೇಲೆ ಹಳದಿ ಅಕ್ಷರದಲ್ಲಿ ಬರುತ್ತಿತ್ತು. ಬಂದ ಕೂಡಲೆ ಕಾಕಾ ಆಫೀಸಿಗೆ ಫೋನ್ ಮಾಡುತ್ತಿದ್ದರು. ನಾನು ಎತ್ತಿದರೆ, "ಸರ, ಹಳದಿ ಸಾಲು ಬಂದಾದ. ಆಪಾಗ ಜರಾ ಫೋನ್ ಕೊಡ್ರಿ" ಎನ್ನುತ್ತಿದ್ದರು. ನನಗೆ ಹೇಳಿ ಎಂದರೆ, "ಇರ್ಲಿ ಬಿಡ್ರಿ, ನೀವು ದೊಡ್ಡ ಕೆಲಸದವರು" ಎನ್ನುತ್ತಿದ್ದರು. ಅದು ಮರ್ಯಾದೆಯ ಮಾತೋ ಕುಹಕವೋ ತಿಳಿಯುತ್ತಿರಲಿಲ್ಲ. ನಾನು ಫೋನನ್ನು ಆಪಾನ ಮೇಜಿನ ಮೇಲೆ ಇಡುತ್ತಿದ್ದೆ.

ಚಿತ್ತಾಪುರದಲ್ಲಿ ತಂಗಿಯ ಮದುವೆಗೆಂದು ಆಪಾ ನಾಲ್ಕು ದಿನ ರಜೆ ಹಾಕಿದರು. ಆ ನಾಲ್ಕು ದಿನಗಳಲ್ಲಿ ನಾನು ಎರಡು ಕೆಲಸ ಮಾಡಿದೆ. ಎರಡನ್ನೂ ಮಾಡಿದಂತೆಯೇ ಬರೆಯುತ್ತೇನೆ.

ಒಂದು: ಸರ್ವರ್ ಚಾಲೂ ಮಾಡುವ ಆಜ್ಞೆಗೆ ವಾರ್ನಿಂಗ್ ತೋರಿಸಬೇಡ ಎಂಬ ಒಂದು ಪದ ಸೇರಿಸಿದೆ. ಹಳದಿ ಸಾಲು ಕಾಣಿಸದಿದ್ದರೆ ಆಪಾನನ್ನು ಕೇಳಿ ಫೋನ್ ಬರುವುದಿಲ್ಲ. ಇನ್ನೊಂದು: ನಿಲ್ಲು ಎಂಬ ಸಿಗ್ನಲ್ಲಿಗೆ ನನ್ನದೂ ಒಂದು ತುಣುಕು ಬರೆದು ಆಪಾನ ತುಣುಕಿಗಿಂತ ಮುಂದೆ ಇಟ್ಟೆ. ಅದು ದಾಖಲೆಯಲ್ಲಿ 'ಸಿಗ್ನಲ್ ಬಂತು, ಸುರಕ್ಷಿತವಾಗಿ ಬಂದ್' ಎಂದು ನನ್ನ ಹೆಸರಿನ ಜೊತೆ ಬರೆದು, ಪ್ರೋಗ್ರಾಂ ಮುಗಿಸುತ್ತಿತ್ತು. ಆ ದಾಖಲೆಯನ್ನು ಮಾಲೀಕರು ವಾರಕ್ಕೊಮ್ಮೆ ಓದುತ್ತಿದ್ದರು. ಮೊದಲ ಸಾಲಿನಲ್ಲಿ ನನ್ನ ಹೆಸರು ಇರಬೇಕಿತ್ತು, ಅಷ್ಟೇ. ಕೇಳಿಸಿಕೊಳ್ಳುವವರು ಇಬ್ಬರಿದ್ದರೆ ಇಬ್ಬರಿಗೂ ಸಿಗ್ನಲ್ ಮುಟ್ಟುತ್ತದೆ ಎಂದುಕೊಂಡಿದ್ದೆ. ಮುಟ್ಟುವುದು ಸರತಿಯಲ್ಲಿ. ಮೊದಲಿನವನೇ ಬಾಗಿಲು ಹಾಕಿಬಿಟ್ಟರೆ ಎರಡನೆಯವರ ಸರತಿ ಬರುವುದೇ ಇಲ್ಲ. ಆಫೀಸಿನಲ್ಲಿ ಪರೀಕ್ಷಿಸಿದೆ. ಅಲ್ಲಿ ದೀಪ ಇರಲಿಲ್ಲ, ಹಾಗಾಗಿ ತಪ್ಪೂ ಕಾಣಲಿಲ್ಲ.

ಆಪಾ ಮದುವೆ ಮುಗಿಸಿ ಬಂದರು. ಎಲ್ಲರಿಗೂ ಲಾಡು ತಂದಿದ್ದರು. ಅದೇ ವಾರ ವಾಡಿಗೆ ಹೋದಾಗ ಕಾಕಾ ನನ್ನನ್ನು ಕೇಳಿದರು.

"ಯಾಕ ಸರ, ಹಳದಿ ಸಾಲು ಬರೋದೇ ನಿಂತದಲ್ಲ?"

"ಎಲ್ಲಾ ಬರೋಬರ್ ಆಗ್ಯಾದ, ಅದಕ್ಕ."

"ಹಂಗಾದ್ರ ಚೊಲೋ ಆಯ್ತು ಬಿಡ್ರಿ."

ಅಷ್ಟರಲ್ಲಿ ಸರ್ವರ್ ರಾತ್ರಿ ಹೊತ್ತು ಎರಡು ಸಲ ನಿಂತು ಚಾಲೂ ಆಗಿತ್ತು. ಎರಡು ಸಲವೂ ಆಪಾನ ವಾರ್ನಿಂಗ್ ಬರಬೇಕಿತ್ತು. ಬಂದೂ ಇತ್ತು, ನಾನು ಸೇರಿಸಿದ ಪದ ಅದನ್ನು ಮುಚ್ಚಿತ್ತು.

ಅದಾಗಿ ಮೂರನೆಯ ದಿನ ಚೀಟಿಯ ನಮೂನೆ ಬದಲಿಸಲು ಮತ್ತೆ ಹೋದೆ. ಬಿಸಿಲು ನೆತ್ತಿಗೆ ಬಂದಿತ್ತು. ಕಾಟಾದ ತಟ್ಟೆ ಖಾಲಿ ಇತ್ತು, ಎರಡು ಲಾರಿಗಳು ದೂರದಲ್ಲಿ ನಿಂತಿದ್ದವು. ಸರ್ವರ್ ಬಂದ್ ಆದಾಗಲೆಲ್ಲ ಕಾಕಾ ಕಸಬರಿಗೆ ಹಿಡಿದು ತಟ್ಟೆಯ ಸಂದಿನ ಕಲ್ಲಿನ ಚೂರುಗಳನ್ನು ಗುಡಿಸುತ್ತಿದ್ದರು. ಚೂರು ಸಿಕ್ಕಿಕೊಂಡಿದ್ದರೆ ತೂಕ ತಪ್ಪುತ್ತದೆ. ಅದು ಅವರ ರೂಢಿ. ಬಂದ್ ಎಂದರೆ ಕೆಂಪು ದೀಪ ಎಂದು ಅವರಿಗೂ ಗೊತ್ತು, ಡ್ರೈವರುಗಳಿಗೂ ಗೊತ್ತು. ನಾನು ಕಿಟಕಿಯಿಂದ, "ಬಂದ್ ಮಾಡೀನಿ ಕಾಕಾ" ಎಂದೆ. ಅವರು ಕಸಬರಿಗೆ ತೆಗೆದುಕೊಂಡು ಇಳಿದು, ದೀಪಕ್ಕೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕುಳಿತರು.

ದೀಪ ಹಸಿರಾಗಿಯೇ ಇತ್ತು. ನಾನು ಅದನ್ನು ನೋಡಿದೆ. ನೋಡಿದ್ದಕ್ಕೂ ಕೂಗಿದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಹಲವು ಸಲ ಎಣಿಸಿ ನೋಡಿದ್ದೇನೆ... ಮುಂದಿನ ಲಾರಿ ಏರಿತು. ನನ್ನ ಕೂಗಿಗೆ ಕಾಕಾ ಪಕ್ಕಕ್ಕೆ ಹೊರಳಿದರು. ಬಲಗಾಲು ಹೊರಳಲಿಲ್ಲ.

ಅವರನ್ನು ಕಲಬುರಗಿಯ ದವಾಖಾನೆಗೆ ಸಾಗಿಸಿದ ಮೇಲೆ ನಾನು ಮತ್ತೆ ಕಾಟಾದ ಕೋಣೆಗೆ ಬಂದೆ. ದಾಖಲೆ ತೆರೆದೆ. ಕೊನೆಯಲ್ಲಿ ನನ್ನ ಹೆಸರಿನ ಸಾಲು ಇತ್ತು. ಅದರ ಕೆಳಗೆ ಏನೂ ಇರಲಿಲ್ಲ, ಆಪಾನ ತುಣುಕಿನ ಸರತಿ ಬಂದೇ ಇರಲಿಲ್ಲ. ನನ್ನ ತುಣುಕನ್ನು ಅಳಿಸಿದೆ, ದಾಖಲೆಯಲ್ಲಿ ನನ್ನ ಹೆಸರಿದ್ದ ಸಾಲುಗಳನ್ನೂ ಅಳಿಸಿದೆ, ಆಜ್ಞೆಯಲ್ಲಿದ್ದ ಆ ಒಂದು ಪದವನ್ನೂ ತೆಗೆದೆ.

ಮರುದಿನ ಮಾಲೀಕರು ಇಬ್ಬರನ್ನೂ ಕೂರಿಸಿ ಕೇಳಿದರು.

"ಈ ನಿಲ್ಸೋ ಪ್ರೋಗ್ರಾಂ ಯಾರು ಬರ್ದಿದ್ದು?"

"ನಂದೇ ರಿ," ಎಂದರು ಆಪಾ.

"ಮತ್ತ ದೀಪ ಯಾಕ ಕೆಂಪಾಗಲಿಲ್ಲ?"

ಆಪಾ ಫೈಲ್ ತೆರೆದು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಆಮೇಲೆ ಫೈಲನ್ನು ಕೊನೆಯದಾಗಿ ತಿದ್ದಿದ ತಾರೀಖು ಮತ್ತು ಹೊತ್ತನ್ನು ನೋಡಿದರು. ಅದು ಹಿಂದಿನ ದಿನದ ಸಂಜೆ. ಆ ಸಂಜೆ ಕಾಟಾದ ಕೋಣೆಯಲ್ಲಿದ್ದವನು ನಾನೊಬ್ಬನೇ. ಅವರು ನನ್ನ ಕಡೆ ತಿರುಗಿದರು.

"ಸರ್, ನಿಮಗೇನಾದ್ರೂ ಹೇಳೋದದ ಏನು?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳಿದ್ದರು. ನಾನು ಇಲ್ಲ ಎಂದೆ. ಆಪಾ ಕಂಪ್ಯೂಟರ್ ಮುಚ್ಚಿದರು. ಇನ್ನೊಂದು ತಿಂಗಳು ಕೆಲಸ ಮಾಡಿ ಬಿಡಬೇಕೆಂದು ಮಾಲೀಕರು ಆಪಾಗೆ ಹೇಳಿದರು. ಆ ತಿಂಗಳು ಪೂರ್ತಿ ಅವರು ನನ್ನ ಎದುರಿನ ಮೇಜಿನಲ್ಲೇ ಕೂತರು. ಬೆಳಿಗ್ಗೆ ನಮಸ್ಕಾರ ಸರ್ ಎನ್ನುತ್ತಿದ್ದರು, ಸಂಜೆ ಬರ್ತೀನಿ ಸರ್ ಎನ್ನುತ್ತಿದ್ದರು. ಕೊನೆಯ ದಿನವೂ ಹಾಗೆಯೇ ಅಂದು ಮೆಟ್ಟಿಲಿಳಿದರು.

ಕಲ್ಲಿನ ವಾಸನೆ ಬಂದ ಆ ಮಧ್ಯಾಹ್ನದ ಮರುದಿನ ನಾನು ವಾಡಿಗೆ ಹೋದೆ. ಕಾಕಾ ಮನೆಯ ಕಟ್ಟೆಯ ಮೇಲೆ ಕೋಲು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದರು.

"ಬರ್ರಿ ಸರ, ಕುಂದ್ರಿ. ಹಾದಿ ತಪ್ಪಿ ಬಂದಂಗ ಕಾಣ್ತದ."

ನಾನು ಕುಳಿತು, ಇಲ್ಲಿ ಬರೆದ ಕ್ರಮದಲ್ಲಿಯೇ ಎಲ್ಲವನ್ನೂ ಹೇಳಿದೆ.

"ಗೊತ್ತದ ರಿ," ಎಂದರು ಕಾಕಾ.

"ಯಾರು ಹೇಳಿದ್ರು?"

"ಆಪಾ. ಆಯಿತವಾರಕ್ಕೊಮ್ಮೆ ದವಾಖಾನಿಗಿ ಬರ್ತಿದ್ಳಲ್ಲ. ನಾನೇ ಕೇಳಿದೆ, ಮಾಲಕರಿಗಿ ಯಾಕ ಹೇಳಲಿಲ್ಲವ್ವಾ ಅಂತ. 'ಸರ್ ತಾವೇ ಹೇಳ್ತಾರ ಕಾಕಾ, ಹೇಳೋ ಮನಷ್ಯಾ ಅದಾರ' ಅಂದ್ಳು. ತಿಂಗಳತನ ಕಾದ್ಳು ರಿ ಆಕಿ. ಆಮ್ಯಾಲೆ ನಾ ಕೇಳಲಿಲ್ಲ, ಆಕಿನೂ ಹೇಳಲಿಲ್ಲ."

ಈಗ ಅವರು ಎಲ್ಲಿದ್ದಾರೆ ಎಂದು ಕೇಳಿದೆ. ಕಾಕಾ ನನ್ನ ಮುಖವನ್ನೇ ನೋಡಿದರು.

"ಚಿಂಚೋಳ್ಯಾಗ ಸಾಲ್ಯಾಗ ಕಂಪ್ಯೂಟರ್ ಕಲಿಸ್ತಿದ್ಳು. ಹ್ವಾದ ವರ್ಷ ಕಿಡ್ನಿ ಬ್ಯಾನಿ ಹತ್ತಿ ತೀರಿಕೊಂಡ್ಳು. ನಿಮಗ ಯಾರೂ ಹೇಳಲಿಲ್ಲೇನು? ಮಣ್ಣಿಗಿ ನಾ ಇದೇ ಕಾಲ್ಮ್ಯಾಗ ಹೋಗಿದ್ದೆ."

ಆ ಕ್ಷಣ ನನಗೆ ಮೊದಲು ಬಂದದ್ದು ದುಃಖವಲ್ಲ. ನನ್ನಿಂದ ಕಾಲು ಊನವಾದ ಈ ಮನುಷ್ಯನಿಗೆ ಸುದ್ದಿ ಮುಟ್ಟಿತ್ತು, ಕೊನೆಯ ಹಿಡಿ ಮಣ್ಣು ಹಾಕುವ ಹಕ್ಕಿತ್ತು, ನನಗೆ ಇರಲಿಲ್ಲ. ಕಾಕಾನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ದುಃಖ ಬಂದದ್ದು ತಿರುಗಿ ಬರುವ ರೈಲಿನಲ್ಲಿ, ಚಿತ್ತಾಪುರ ದಾಟಿದ ಮೇಲೆ.

ಸೋಮವಾರ ಮಾಲೀಕರಿಗೆ ಹೇಳಿದೆ. "ಈಗ ಹೇಳಿ ಯಾರಿಗೇನು ಕೊಡ್ತಿ?" ಎಂದರು. ನಮ್ಮ ಎಲ್ಲ ಕಾಟಾಗಳಲ್ಲಿ ಸರ್ವರ್ ನಿಲ್ಲಿಸುವ ಕೆಲಸವನ್ನು ಈಗಲೂ ಆಪಾ ಬರೆದ ತುಣುಕೇ ಮಾಡುತ್ತದೆ, ಒಂದಕ್ಷರವೂ ಬದಲಾಗಿಲ್ಲ. ಹೊಸದಾಗಿ ಸೇರಿದ ಇಂಜಿನಿಯರ್ ಅದನ್ನು ಓದಿ, "ಭಾಳ ಚೊಲೋ ಬರ್ದೀರಿ ಸರ್" ಎಂದು ಹಿಂದೊಮ್ಮೆ ಹೇಳಿದಾಗ ನಾನು ಹೂಂ ಅಂದಿದ್ದೆ. ಮಾಲೀಕರ ಕೋಣೆಯಿಂದ ಹೊರಬಂದು ಅವನನ್ನು ಕರೆದು, ಅದು ನನ್ನದಲ್ಲ ಎಂದೆ.

"ಮತ್ತ ಯಾರ್ದು ಸರ್?"

"ಇಲ್ಲೇ ಇದ್ರು. ನನಗಿಂತ ಚೊಲೋ ಬರೀತಿದ್ರು."

ಹೇಳಿದ್ದು ನಿಜ. ಅದನ್ನು ಹೇಳುವಾಗಲೂ ಹೊಟ್ಟೆಯೊಳಗೆ ಸಣ್ಣಗೆ ಉರಿಯಿತು. ಆ ಉರಿ ಇನ್ನೂ ಇದೆ. ಆಪಾ ಇಲ್ಲ.