ಅವ್ವನ ತಲೆ ನೋಡಿದ ಕೋತಿ

ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಅವ್ವ ಗ್ರಿಲ್‌ಗೆ ಬೆನ್ನು ಕೊಟ್ಟು ತಲೆಗೂದಲು ಒಣಗಿಸುತ್ತಿದ್ದಳು. ಗ್ರಿಲ್‌ನ ಆಚೆ ಕೂತ ಹೆಣ್ಣು ಕೋತಿಯೊಂದು ಆ ಕೂದಲನ್ನು ಎಳೆಎಳೆಯಾಗಿ ಬಿಡಿಸಿ ಹೇನು ಹುಡುಕುತ್ತಿತ್ತು. ಎಲ್ಲಿ ಕಚ್ಚೀತೋ ಎಂದು ಹೆದರಿ ನಾನು ಕಸಬರಿಗೆ ಎತ್ತಿದೆ.

"ಬ್ಯಾಡವ್ವಾ, ಹೊಡಿಬ್ಯಾಡ. ಈ ಊರಿಗೆ ಬಂದಮ್ಯಾಲ ನನ್ನ ತಲಿ ಮುಟ್ಟಿದ್ದು ಇದೊಂದ ನೋಡು," ಅಂದಳು ಅವ್ವ, ಕಣ್ಣು ಮುಚ್ಚಿಕೊಂಡೇ.

ಕೋತಿಗಳು ಹೇನು ಹೆಕ್ಕುವುದು ನಂಟು ಉಳಿಸಿಕೊಳ್ಳಲಿಕ್ಕೂ ಹೌದು ಎಂದು ಬಿ.ಎಸ್ಸಿ.ಯಲ್ಲಿ ಓದಿ, ನಮ್ಮ ಮನೆತನದಲ್ಲೇ ಮೊದಲು ಡಿಗ್ರಿ ಪಡೆದವಳು ನಾನು. ನಮ್ಮೂರಲ್ಲಿ ಓಣಿಯ ಹೆಂಗಸರು ಮಧ್ಯಾಹ್ನ ಸಾಲಾಗಿ ಕೂತು ಒಬ್ಬರ ತಲೆ ಒಬ್ಬರು ನೋಡುತ್ತಿದ್ದರು. ಇಲ್ಲಿ ಅವ್ವನಿಗೆ ತೆಲುಗು ಬರದು, ನಾನು ಹೈಟೆಕ್ ಸಿಟಿಯ ಕಂಪನಿಯಿಂದ ಮರಳುವಷ್ಟರಲ್ಲಿ ಅವಳು ಮಲಗಿರುತ್ತಾಳೆ.

ಈಗ ರವಿವಾರ ಅವ್ವನ ಹಿಂದೆ ನಾನು ಕೂರುತ್ತೇನೆ. "ಆ ಮಂಗ್ಯಾನ ಕೈ ನಿನಗಿಂತ ಹಗುರಿತ್ತು," ಎಂದು ಕಾಡಿಸುತ್ತಾಳೆ. ಎದ್ದು ಮಾತ್ರ ಹೋಗುವುದಿಲ್ಲ.