ಗೌರಿ ಬಳೆಗೆ ಸುತ್ತಿದ ತಂತಿ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಹಳೇ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿಯನ್ನು ಆ ಸೀಳಿನಲ್ಲಿ ಹಾಯಿಸಿ, ಎಳೆಗೆ ಎಳೆ ಅಂಟುವ ಹಾಗೆ ಸುತ್ತುತ್ತಿದ್ದರು. ಪಾಂಡವಪುರದ ಕಡೆ ವಿಜ್ಞಾನದ ಮೇಷ್ಟ್ರಾಗಿದ್ದು, ರಿಟೈರಾಗಿ ನಾಗಮಂಗಲದ ಮನೆಗೆ ಬಂದವರಿಗೆ ಒಂದೇ ಹಟ: ಕರೆಂಟೂ ಸೆಲ್ಲೂ ಇಲ್ಲದೆ ಮಾತಾಡುವ ರೇಡಿಯೋ ಮಾಡಬೇಕು. ಅದರ ಜೀವವೆಲ್ಲ ಈ ತಂತಿಯ ಸುರುಳಿಯಲ್ಲೇ ಅಂತೆ. ತೊಂಬತ್ತರ ದಶಕದಲ್ಲಿ ನಮಗೆ ಕರೆಂಟು ಬಂದರೆ ಹಬ್ಬ. ಅದಕ್ಕಿಂತ ಅವಸರ ಅವರ ಕಿವಿಯದು. ದಿನೇ ದಿನೇ ಮಂದವಾಗುತ್ತಿತ್ತು. "ಪೂರ್ತಿ ಓಗೋದ್ರೊಳ್ಗೆ ನಾನ್ ಮಾಡಿದ್ದ್ರಲ್ಲಿ ಒಂದ್ ಮಾತು ಕೇಳ್ಬುಡ್ಬೇಕು ಕಣವ್ವ" ಎನ್ನುತ್ತಿದ್ದರು.

ನನಗೆ ಪುರುಸೊತ್ತೆಲ್ಲಿ? ಹಾಲು ಕರೆದು ಡೈರಿಗೆ ಹಾಕಿ, ಮುದ್ದೆಗೆ ಹಿಟ್ಟು ತೊಳಸಿ, ಬಟ್ಟೆ ಒಗೆಯುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತಿತ್ತು. ಇವರೋ, ಲಟ್ಟಣಿಗೆ ಎತ್ತಿಕೊಂಡು ಹೋಗಿ ಉದ್ದಕ್ಕೆ ತಂತಿ ಸುತ್ತಿದರು. ನೊಣ ಗುಂಯ್‌ಗುಟ್ಟಿದಷ್ಟು ಸದ್ದು. ಹಿತ್ತಾಳೆ ಪಾವಿಗೆ ಸುತ್ತಿದರು, ಅದೂ ಇಲ್ಲ. "ಥೂ! ಪಾಠ ಹೇಳ್ದೋನೇ, ಸದ್ದು ನುಂಗೋ ಲೋಹಕ್ಕೆ ಸುತ್ಬುಟ್ನಲ್ಲ" ಎಂದು ಹಣೆ ಚಚ್ಚಿಕೊಂಡರು. ನಾನು ಅಕ್ಕಿ ಅಳೆಯಲು ಪಾವು ಹುಡುಕಿ ಸುಸ್ತಾಗಿದ್ದೆ.

"ಸುರುಳಿ ಕೋಲಿನಂಗೆ ಉದ್ದ ಆದ್ರೂ ಆಗಾಕಿಲ್ಲ, ತಟ್ಟೆಯಂಗೆ ಅಗಲ ಆದ್ರೂ ಆಗಾಕಿಲ್ಲ. ಎತ್ತರ ಅಗಲ ಒಂದಕ್ಕೊಂದು ಒಪ್ಬೇಕು" ಎಂದು ನನಗೇ ಪಾಠ.

ಗೌರಿಹಬ್ಬಕ್ಕೆ ತವರಿನಿಂದ ಬಂದ ಗಾಜಿನ ಬಳೆ ನಾನಿನ್ನೂ ತೊಟ್ಟಿರಲಿಲ್ಲ. ಅವರ ಕಣ್ಣು ಅದರ ಮೇಲೆ ಬಿತ್ತು. ಬಾಯಿಬಿಟ್ಟು ಕೇಳಲಿಲ್ಲ, ಸೊಸೆಯ ಬಳೆ ಕೇಳುವುದುಂಟೆ? ನಾನೇ ರೇಗಿ, "ತಗಳ್ಳಿ ಮಾವ, ನನ್ ಪಾವು ಬುಟ್ಬುಡಿ" ಎಂದು ಮುಂದಿಟ್ಟೆ. ಬಳೆ ಮೇಲೆ ಬಳೆ ಪೇರಿಸಿ, ಕಾಗದ ಹೊದಿಸಿ, ಒಂದು ಬಳೆ ಏರಿಸಿ ಒಂದು ಇಳಿಸಿ, ಸುತ್ತಿದ್ದು ಬಿಚ್ಚಿದ್ದೇ ಬಂತು.

ದಸರಾ ಕಳೆದ ಒಂದು ಮಧ್ಯಾಹ್ನ. ಸುರುಳಿಯ ಎತ್ತರವನ್ನು ಅಗಲಕ್ಕಿಂತ ತುಸು ಕಮ್ಮಿ ಇಟ್ಟಿದ್ದರು. ಇಯರ್‌ಫೋನು ಕಿವಿಗಿಟ್ಟು ಕೇಳಿ, "ಇದೂ ಇಲ್ಲ" ಎಂದು ಬಿಚ್ಚಲು ಹೊರಟರು. ಅದೇನನ್ನಿಸಿತೋ, ಇಸಿದುಕೊಂಡು ನಾನು ಕಿವಿಗಿಟ್ಟೆ. ಅಯ್ಯೋ ದೇವರೇ, ವಾರ್ತೆ! ಪಕ್ಕದಲ್ಲಿ ಕೂತು ಓದಿದಷ್ಟು ನಿಚ್ಚಳ. "ಬಿಚ್ಬೇಡಿ!" ಎಂದು ಕೈ ಹಿಡಿದೆ. ಅವರು ನನ್ನ ಮುಖವನ್ನೇ ನೋಡಿದರು. ಕೆಟ್ಟಿದ್ದು ಸುರುಳಿಯಲ್ಲ ಎಂದು ಆಗ ಅವರಿಗೂ ತಿಳಿಯಿತು. ನನಗೆ ಅಳು ತಡೆಯಲಾಗಲಿಲ್ಲ.

"ಬುಡು," ಅಂದರು. "ನೀನ್ ಕೇಳು, ನಾನ್ ನಿನ್ ಮೊಕ ನೋಡ್ತೀನಿ."

ಆಮೇಲೆ ದಿನಾ ಮಧ್ಯಾಹ್ನ ಅವರೆದುರು ಕೂತು ಕೇಳುವುದೇ ನನ್ನ ಕೆಲಸ. ನಾನು ನಕ್ಕರೆ ಅವರೂ ನಗೋರು. ಅತ್ತೆ ಬಾಗಿಲಿಗೆ ಬಂದರೆ, "ಅವ್ಳು ನನ್ ಕೆಲ್ಸ ಮಾಡ್ತಾವ್ಳೆ, ಓಗು" ಎಂದು ಗದರುತ್ತಿದ್ದರು. ಆ ಮನೆಯಲ್ಲಿ ನಾನು ಕೂರುತ್ತಿದ್ದುದು ಅದೊಂದೇ ಹೊತ್ತು.

ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಬಳೆಗಳ ಮೇಲಿನ ತಂತಿಯನ್ನು ನಾನಿನ್ನೂ ಬಿಚ್ಚಿಲ್ಲ. ಮಧ್ಯಾಹ್ನ ಕೂರು ಎಂದು ಮತ್ತೆ ಯಾರೂ ನನಗೆ ಹೇಳಲೂ ಇಲ್ಲ.